ನಮ್ಮೂರಿನ ಹೆಸರಿಟ್ಟುಕೊಂಡ ಸಿನಿಮಾ

9 ನವೆಂಬರ್ 2024, ಶನಿವಾರ
ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಕಳೆದ ಭಾನುವಾರ ಇಲ್ಲಿಯ ಚಳಿಗಾಲದ ಪದ್ಧತಿಯಂತೆ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ್ದೇ ತಡ, ಸಂಜೆ ಐದಕ್ಕೆಲ್ಲ ಸೂರ್ಯ ಮನೆಗೆ ಹೋಗುತ್ತಿದ್ದಾನೆ. ದೀಪಾವಳಿಗೆ ಕರಿದ ಚಕ್ಕುಲಿಯ ಡಬ್ಬದಲ್ಲಿ ತಳ ಕಾಣುತ್ತಿದೆ. ಒಂದು ವರ್ಷದಿಂದ ನಾಳೆ ನಾಳೆ ಎನ್ನುತ್ತಿದ್ದ ‘ಫ್ರೀಮಾಂಟ್’ ಚಿತ್ರವನ್ನು ನಿನ್ನೆ ರಾತ್ರಿ ಕೊನೆಗೂ ನೋಡಿದೆ. ನಮ್ಮೂರಿನ ಹೆಸರೇ ಚಿತ್ರಕ್ಕೂ ಇರುವುದರಿಂದ ನಮ್ಮ ಬೀದಿ ಎಲ್ಲಾದರೂ ಕಂಡೀತೇ ಎಂಬ ಬಾಲಿಶ ಆಸೆಯೂ ಇತ್ತು. ಕಾಣಲಿಲ್ಲ. ನನ್ನವರು ಇಪ್ಪತ್ತು ನಿಮಿಷ ನೋಡಿ, “ಇದರಲ್ಲಿ ಏನಾದರೂ ನಡೆಯುತ್ತದೆಯೇ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಸೋಫಾದ ಮೇಲೆ ಗೊರಕೆ ಹೊಡೆದರು. ನಿದ್ದೆಯೇ ಬಾರದವಳ ಕಥೆಗೆ ಅವರು ಬರೆದ ವಿಮರ್ಶೆ ಅದು.

ಬಾಬಕ್ ಜಲಾಲಿ ನಿರ್ದೇಶಿಸಿದ ಈ ಕಪ್ಪು ಬಿಳುಪು ಚಿತ್ರ 2023ರಲ್ಲಿ ಅಮೆರಿಕದ ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ಮೊದಲು ತೆರೆ ಕಂಡಿತು. ಮರುವರ್ಷ ಇಂಡಿಪೆಂಡೆಂಟ್ ಸ್ಪಿರಿಟ್ ಚಿತ್ರ ಪ್ರಶಸ್ತಿಗಳಲ್ಲಿ ಜಾನ್ ಕ್ಯಾಸಾವೆಟಿಸ್ ಪ್ರಶಸ್ತಿ ಬಂತು. 10 ಲಕ್ಷ ಡಾಲರ್‌ಗಿಂತ ಕಡಿಮೆ ಖರ್ಚಿನಲ್ಲಿ ತೆಗೆದ ಚಿತ್ರಗಳಿಗೆ ಕೊಡುವ ಪ್ರಶಸ್ತಿ ಅದು. ನಾಯಕಿ ದುನ್ಯಾ ಕಾಬೂಲಿನಿಂದ ಬಂದವಳು. ಅಲ್ಲಿ ಅಮೆರಿಕದ ಸೇನೆಗೆ ದುಭಾಷಿಯಾಗಿದ್ದಳು. ಇಲ್ಲಿ ಆಫ್ಘನ್ನರೇ ತುಂಬಿರುವ ಅಪಾರ್ಟ್‌ಮೆಂಟಿನಲ್ಲಿದ್ದುಕೊಂಡು, ಸ್ಯಾನ್ ಫ್ರಾನ್ಸಿಸ್ಕೋದ ಫಾರ್ಚೂನ್ ಕುಕಿ ಕಾರ್ಖಾನೆಗೆ ದುಡಿಯಲು ಹೋಗುತ್ತಾಳೆ. ಪಾತ್ರ ವಹಿಸಿದ ಅನೈತಾ ವಲಿ ಜಾದಾ ಅದಕ್ಕೆ ಮೊದಲು ನಟಿಸಿದವರೇ ಅಲ್ಲ. ಆಫ್ಘನ್ ಟಿವಿಯಲ್ಲಿ ಕಾರ್ಯಕ್ರಮ ನಡೆಸಿಕೊಡುತ್ತಿದ್ದವರು, 2021ರ ಆಗಸ್ಟ್‌ನಲ್ಲಿ ತಾಲಿಬಾನ್ ಕಾಬೂಲನ್ನು ಹಿಡಿದಾಗ ದೇಶ ಬಿಟ್ಟವರು. ಅಭಿನಯವೆಂದು ಬೆರಳಿಟ್ಟು ತೋರಿಸಬಹುದಾದದ್ದು ಅವರ ಮುಖದಲ್ಲಿ ಏನೂ ಇಲ್ಲ. ಆದರೂ ಆ ಮುಖದಿಂದ ಕಣ್ಣು ತೆಗೆಯಲಾಗುವುದಿಲ್ಲ.

ಫಾರ್ಚೂನ್ ಕುಕಿ ಎಂದರೆ ಇಲ್ಲಿಯ ಚೈನೀಸ್ ಹೋಟೆಲುಗಳಲ್ಲಿ ಬಿಲ್ಲಿನ ಜೊತೆ ಕೊಡುವ ಪೊಳ್ಳು ಬಿಸ್ಕತ್ತು. ಬಿಸಿ ಆರುವ ಮೊದಲೇ ದುಂಡನೆಯ ತೆಳು ಹಾಳೆಯೊಳಗೆ ಚೀಟಿಯಿಟ್ಟು ಮಡಚಬೇಕು. ಕೆಲವು ಸೆಕೆಂಡು ತಡವಾದರೂ ಪುಡಿಯಾಗುತ್ತದೆ. ಮೂಲ ಜಪಾನಿನದು, ಹೆಸರು ಬಂದದ್ದು ಚೀನಾಕ್ಕೆ. ನಮ್ಮ ಗಿಣಿಶಾಸ್ತ್ರದ ಹಾಗೆಯೇ, ಆದರೆ ಗಿಣಿಯೂ ಇಲ್ಲ, ದಕ್ಷಿಣೆಯೂ ಇಲ್ಲ. ಚೀಟಿಯ ಮಾತು ಬರೆಯುತ್ತಿದ್ದ ಮುದುಕಿ ಕಂಪ್ಯೂಟರಿನ ಮುಂದೆಯೇ ಸತ್ತುಹೋಗುತ್ತಾಳೆ, ಆ ಕೆಲಸ ದುನ್ಯಾಳಿಗೆ ಬರುತ್ತದೆ. ಒಂದು ದಿನ ಯಾರಿಗೂ ಹೇಳದೆ ಒಂದು ಚೀಟಿಯಲ್ಲಿ ತನ್ನ ಫೋನ್ ನಂಬರನ್ನೇ ಬರೆದುಬಿಡುತ್ತಾಳೆ.

ನಾನು ಅಲ್ಲಿ ಚಿತ್ರವನ್ನು ನಿಲ್ಲಿಸಿ ಎದ್ದು ಹೋಗಿ ನೀರು ಕುಡಿದೆ. ವರ್ಷಗಟ್ಟಲೆ ಯಾರೋ ಸಿಪಾಯಿಯ ಮಾತನ್ನು ಇನ್ಯಾರಿಗೋ ದಾಟಿಸಿದ ಬಾಯಿ ಅವಳದು. ಅದಕ್ಕಾಗಿಯೇ ಪಕ್ಕದ ಮನೆಯವನೊಬ್ಬ ಅವಳಿಗೆ ನಮಸ್ಕಾರವನ್ನೂ ಹೇಳುವುದಿಲ್ಲ. ತನ್ನದೇ ಮಾತಿಗೆ ಅವಳಿಗೆ ಸಿಕ್ಕಿದ್ದು ಅರ್ಧ ಬೆರಳಗಲದ ಕಾಗದ.

ಹನ್ನೊಂದು ವರ್ಷಗಳ ಹಿಂದೆ ಅಮ್ಮ ಆರು ತಿಂಗಳಿಗೆಂದು ಇಲ್ಲಿಗೆ ಬಂದಿದ್ದರು. ರಾತ್ರಿಯೆಲ್ಲ ನಿದ್ದೆಯಿಲ್ಲವೆಂದು ವೈದ್ಯರ ಬಳಿ ಕರೆದೊಯ್ದೆ. ಅಪ್ಪ ಹೋದದ್ದು, ಹಿತ್ತಲಿನ ಬಾವಿಗೆ ಯಾರೂ ಮುಚ್ಚಳ ಹಾಕಿಲ್ಲವೇನೋ ಎಂಬ ಚಿಂತೆ, ಎದೆಯೊಳಗೆ ಒನಕೆಯಲ್ಲಿ ಕುಟ್ಟಿದ ಹಾಗಾಗುವುದು ಎಲ್ಲವನ್ನೂ ಅಮ್ಮ ಕನ್ನಡದಲ್ಲಿ ಹೇಳಿದರು. ನಾನು ಇಂಗ್ಲಿಷಿನಲ್ಲಿ ಒಂದೇ ಸಾಲು ಹೇಳಿದೆ. ಅಮ್ಮ ನನ್ನ ಕಡೆ ತಿರುಗಿ, “ಅಷ್ಟುದ್ದ ಹೇಳಿದ್ದನ್ನು ಇಷ್ಟೇ ಮಾಡಿಬಿಟ್ಟೆಯಲ್ಲೇ” ಎಂದರು. ನಿದ್ದೆಯ ಮಾತ್ರೆ ಸಿಕ್ಕಿತು.

ದುನ್ಯಾಳಿಗೂ ಬೇಕಾದದ್ದು ನಿದ್ದೆಯ ಮಾತ್ರೆ ಮಾತ್ರ. ಅವಳು ಹೋಗುವ ಮನೋವೈದ್ಯ ಬಿಡಬೇಕಲ್ಲ! ಜಾಕ್ ಲಂಡನ್ನನ ‘ವೈಟ್ ಫ್ಯಾಂಗ್’ ಕಾದಂಬರಿಯನ್ನು ಓದಿ ಹೇಳುತ್ತಾನೆ, ಅದರಲ್ಲಿನ ತೋಳದ ಪಾಡಿನಲ್ಲಿ ವಲಸೆ ಬಂದವರ ಪಾಡನ್ನು ಕಾಣುತ್ತಾನೆ, ಕೊನೆಗೆ ತಾನೇ ಕಣ್ಣೀರಿಡುತ್ತಾನೆ. ಎದುರಿಗೆ ದುನ್ಯಾ ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತಿರುತ್ತಾಳೆ. ಸಂಕೋಚದವರ ಕಥೆ ಹೇಳುವವರು ಕೊನೆಗೊಂದು ದೊಡ್ಡ ಅಳುವನ್ನೋ ಉದ್ದನೆಯ ಭಾಷಣವನ್ನೋ ಇಟ್ಟು, ಒಳಗೆ ಇಷ್ಟೆಲ್ಲ ಇತ್ತು ನೋಡಿ ಎಂದು ಲೆಕ್ಕ ಒಪ್ಪಿಸುತ್ತಾರೆ. ಜಲಾಲಿ ಆ ಲೆಕ್ಕ ಒಪ್ಪಿಸುವುದಿಲ್ಲ. ಅಲ್ಲಿಯವರು ಸಾಯುತ್ತಿರುವಾಗ ಇಲ್ಲಿ ತನಗೊಬ್ಬ ಜೊತೆಗಾರ ಬೇಕೆನಿಸುವುದು ಸರಿಯೇ ಎಂಬುದು ಅವಳನ್ನು ಕೊರೆಯುವ ಪ್ರಶ್ನೆ. ಅದನ್ನೂ ಅವಳು ಬಸ್ಸಿನ ವೇಳೆ ಕೇಳುವಷ್ಟೇ ತಣ್ಣಗಿನ ದನಿಯಲ್ಲಿ ಕೇಳುತ್ತಾಳೆ.

ಎಲ್ಲವೂ ಒಪ್ಪಿಗೆಯಾಯಿತೆಂದಲ್ಲ. ವೈದ್ಯನ ಕೋಣೆಗೆ ಕ್ಯಾಮೆರಾ ಒಂದು ಸಲ ಕಡಿಮೆ ಹೋಗಬಹುದಿತ್ತು. ಜಿಂಕೆಯ ಗೊಂಬೆಯ ನೆಪದಲ್ಲಿ ದುನ್ಯಾಳನ್ನು ಬೇಕರ್ಸ್‌ಫೀಲ್ಡ್ ಎಂಬ ಊರಿಗೆ ಕಳುಹಿಸುವ ತಿರುವು ಕಥೆಗಾರನ ಅನುಕೂಲಕ್ಕೆ ಬಂದದ್ದು. ದಾರಿಯಲ್ಲಿ ಸಿಗುವ ಮೆಕ್ಯಾನಿಕ್‌ನ ಪಾತ್ರದಲ್ಲಿ ಜೆರೆಮಿ ಅಲನ್ ವೈಟ್ ಇದ್ದಾರೆ. ಇಬ್ಬರೂ ಮಾತಿಗೆ ತಡಕಾಡುತ್ತ ಕುಳಿತ ಆ ಹೊತ್ತನ್ನು ನೋಡಿ ಉಳಿದದ್ದನ್ನು ಕ್ಷಮಿಸಿದೆ.

ನಮ್ಮೂರಿಗೆ ಮೌನ ಹೊಸದೇನಲ್ಲ. 1956ರಲ್ಲಿ ಐದು ಊರುಗಳು ಸೇರಿ ಫ್ರೀಮಾಂಟ್ ಆಯಿತು. ಅದರಲ್ಲೊಂದು ನೈಲ್ಸ್. 1915ರಲ್ಲಿ ಚಾಪ್ಲಿನ್ ‘ದಿ ಟ್ರ್ಯಾಂಪ್’ ಎಂಬ ಮೂಕಿ ಚಿತ್ರ ತೆಗೆದದ್ದು ಅಲ್ಲಿ. ಅವನೂ ಕಡಲು ದಾಟಿ ಬಂದವನೇ.

ಇನ್ನೊಂದು ಊರು ಸೆಂಟರ್‌ವಿಲ್. ಅಲ್ಲಿಯ ಆಫ್ಘನ್ ಅಂಗಡಿಗಳ ಸಾಲನ್ನು ಜನ ಲಿಟಲ್ ಕಾಬೂಲ್ ಎನ್ನುತ್ತಾರೆ. ಎಷ್ಟೋ ವರ್ಷಗಳಿಂದ ಒಂದೇ ಅಂಗಡಿಯಲ್ಲಿ ನಾನ್ ಕೊಳ್ಳುತ್ತಿದ್ದೇನೆ. ಅಂಗಡಿಯಾತನ ಹೆಸರು ಗೊತ್ತಿಲ್ಲ. ಇವತ್ತು ಬೆಳಿಗ್ಗೆ ಏನಾದರೂ ಮಾತನಾಡಿಸಲೇಬೇಕೆಂದು ದಾರಿಯುದ್ದಕ್ಕೂ ವಾಕ್ಯ ಜೋಡಿಸಿಕೊಂಡು ಹೋದೆ. ನನ್ನ ಸರದಿ ಬರುವಷ್ಟರಲ್ಲಿ ಹಿಂದೆ ಆರು ಜನ ನಿಂತಿದ್ದರು. ಎರಡು ಬೆರಳು ತೋರಿಸಿದೆ. ಆತ ಮೊಳದುದ್ದದ ಎರಡು ನಾನ್‌ಗಳನ್ನು ಕಾಗದದಲ್ಲಿ ಸುತ್ತಿ ಕೊಟ್ಟ. ಮನೆ ಸೇರುವ ಮೊದಲೇ ಒಂದರ ತುದಿಯನ್ನು ಕಾರಿನಲ್ಲಿ ಮುರಿದು ತಿಂದಾಗಿತ್ತು.