ಮೊದಲ ಟ್ರಯಥ್ಲಾನ್‌ನ ಬೇಸಿಗೆ

ಮೊದಲ ಟ್ರಯಥ್ಲಾನ್‌ಗೆ ಸಿದ್ಧಳಾಗುತ್ತಿರುವ ನನಗೆ ಧಾರವಾಡದ ಬೇಸಿಗೆ ಹಿಂದೆಂದೂ ಇಷ್ಟು ಆಪ್ತವೆನಿಸಿರಲಿಲ್ಲ. ನಾನು ಆರಿಸಿಕೊಂಡಿರುವುದು ಸ್ಪ್ರಿಂಟ್ ವಿಭಾಗ: 750 ಮೀಟರ್ ಈಜು, 20 ಕಿಲೋಮೀಟರ್ ಸೈಕಲ್, 5 ಕಿಲೋಮೀಟರ್ ಓಟ. 2000ರ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಈ ಕ್ರೀಡೆ ಮೊದಲ ಬಾರಿಗೆ ಸೇರ್ಪಡೆಯಾದಾಗ ಅಲ್ಲಿನ ದೂರ ಇದರ ಎರಡರಷ್ಟಿತ್ತು.

ಈಜುಕೊಳದ ಅಭ್ಯಾಸ ಹಿತವಾಗಿ ಸಾಗಿದೆ; ಆದರೆ ಮನಸ್ಸು ಅರಳುವುದು ರಸ್ತೆಯ ಮೇಲೆಯೇ. ಹೊತ್ತು ಮೂಡುವ ಮುನ್ನ ಹೊರಟು, ಕೆಲಗೇರಿಯ ಕೆರೆಯನ್ನು ಹಾದು, ಆಪೂಸಿನ ತೋಟಗಳ ಬದಿಯಲ್ಲಿ ಸೈಕಲ್ ತುಳಿಯುವಾಗ, ಇಡೀ ದಿನ ಮನೆಯೊಳಗೆ ಕುಳಿತು ಬಿಸಿಲನ್ನು ಶಪಿಸುವ ನಮ್ಮ ರೂಢಿ ಎಷ್ಟು ಸುಖವನ್ನು ಕಳೆಯುತ್ತಿದೆ ಎಂದು ಅನ್ನಿಸುತ್ತದೆ. ಸೈಕಲ್ ಇಳಿದೊಡನೆ ಓಡುವುದು ಮಾತ್ರ ನಿಜಕ್ಕೂ ಕಠಿಣ. ತುಳಿತಕ್ಕೆ ಒಗ್ಗಿದ ಕಾಲುಗಳು ಕೆಲಹೊತ್ತು ಕಲ್ಲಿನಂತೆ ಭಾರವಾಗಿರುತ್ತವೆ. ಆದ್ದರಿಂದಲೇ ಎರಡನ್ನೂ ಬಿಡುವಿಲ್ಲದೆ ಒಂದರ ಹಿಂದೊಂದು ಅಭ್ಯಾಸ ಮಾಡಬೇಕಾಗುತ್ತದೆ.

ಒಂದೆರಡು ವಾರ ಮಿತವಾಗಿ ಬಿಸಿಲಿಗೆ ಒಡ್ಡಿಕೊಂಡ ದೇಹ ಬೇಗನೆ ಬೆವರಲು ಕಲಿಯುತ್ತದೆ, ಬೆವರಿನೊಡನೆ ಹೋಗುವ ಉಪ್ಪನ್ನೂ ಕಡಿಮೆ ಮಾಡಿಕೊಳ್ಳುತ್ತದೆ; ನಮ್ಮ ಹೊಲಗಳಲ್ಲಿ ದುಡಿಯುವವರ ಮೈಗೆ ಈ ವಿದ್ಯೆ ಎಂದೋ ಒಲಿದಿದೆ. ಅವರನ್ನು ದಾರಿಯಲ್ಲಿ ಕಂಡಾಗಲೆಲ್ಲ ನನ್ನ ಗೌರವ ಹೆಚ್ಚುತ್ತದೆ. ಕೊಳದ ತಳದ ಗೆರೆಯ ನೆರವಿಲ್ಲದೆ, ಆಗಾಗ ತಲೆಯೆತ್ತಿ ದಿಕ್ಕು ನೋಡಿಕೊಂಡು ತೆರೆದ ನೀರಿನಲ್ಲಿ ಈಜುವುದನ್ನು ನಾನಿನ್ನೂ ಕಲಿಯಬೇಕಿದೆ.