ಅಮ್ಮನ ಕಂಪ್ಯೂಟರ್‌ಗೆ ಪುಕ್ಕಟೆ ಕಾವಲು: ಮೂರು ವಾರದ ಟಿಪ್ಪಣಿ

ದಿನ 1

ಪರದೆಯ ಬಲಮೂಲೆಯಲ್ಲಿ ಕೆಂಪು ಚೌಕವೊಂದು ಎದ್ದಿತು. ಅಮ್ಮ ಅದನ್ನು ಓದಲೇ ಇಲ್ಲ. ಮೌಸ್ ತಾನಾಗಿಯೇ ಹೋದಂತೆ ಹೋಗಿ ಗುಣಿಸು ಗುರುತಿನ ಮೇಲೆ ಕೂತಿತು, ಚೌಕ ಮಾಯ.

"ಏನಮ್ಮಾ ಅದು? ಏನು ಬರೆದಿತ್ತು?"

"ಅದು ದಿನಾ ಹಂಗೇ ಕೂಗುತ್ತೆ ಕಣೋ. ಮುಚ್ಚಿದ್ರೆ ಸುಮ್ಮನಾಗುತ್ತೆ."

ಅದು ಆಂಟಿವೈರಸ್‌ನ ಎಚ್ಚರಿಕೆ. ಕೆಲವು ವರ್ಷದ ಹಿಂದೆ ಆ ಉಚಿತ ಆಂಟಿವೈರಸ್ ಹಾಕಿಕೊಟ್ಟವನು ನಾನೇ. ಹಾಕಿದ ಮೇಲೆ ಒಮ್ಮೆಯೂ ಅದರ ಕಡೆ ತಿರುಗಿ ನೋಡಿರಲಿಲ್ಲ.

ಯಂತ್ರ ಹಳೆಯದು. ವಿಂಡೋಸ್ 10, 8 ಜಿಬಿ ರ್‍ಯಾಮ್, ಗರಗರ ತಿರುಗುವ ಹಾರ್ಡ್ ಡಿಸ್ಕ್. ಇದಕ್ಕೊಂದು ಒಳ್ಳೆಯ ಉಚಿತ ರಕ್ಷಣೆ ಆರಿಸುವುದು ಈ ಬಾರಿಯ ಪ್ರಾಜೆಕ್ಟ್. ಶರತ್ತು ಎರಡೇ: ದುಡ್ಡು ಕೊಡುವ ಹಾಗಿಲ್ಲ, ನಾನು ಪಕ್ಕದಲ್ಲಿ ಇಲ್ಲದಾಗಲೂ ಅದು ತನ್ನ ಕೆಲಸ ಮಾಡಿಕೊಂಡಿರಬೇಕು.

ಏನನ್ನೂ ತೆಗೆಯುವ ಮೊದಲು ಲೆಕ್ಕ ಬೇಕು ಅನಿಸಿತು. ಕೀಬೋರ್ಡ್ ಪಕ್ಕ ಒಂದು ನೋಟ್‌ಬುಕ್ ಇಟ್ಟು, "ಚೌಕ ಬಂದಾಗಲೆಲ್ಲ ಒಂದು ಗೀಟು ಹಾಕಿ ಏನಿತ್ತು ಅಂತ ಎರಡು ಪದ ಬರಿ" ಎಂದು ಹೇಳಿ ಬಂದೆ. ಅಮ್ಮ ಇದನ್ನು ಒಪ್ಪಿದ್ದು ಕಂಪ್ಯೂಟರ್ ಮೇಲಿನ ಪ್ರೀತಿಗಲ್ಲ, ಲೆಕ್ಕ ಬರೆಯುವ ಪ್ರೀತಿಗೆ.

ದಿನ 2

ರಾತ್ರಿಯೆಲ್ಲ ಓದಿದ್ದೇ ಓದಿದ್ದು.

"ವಿಂಡೋಸ್ ಜೊತೆ ಬರುವ ಡಿಫೆಂಡರ್ ಯಾತಕ್ಕೂ ಸಾಲದು" ಅನ್ನುವ ಮಾತನ್ನು ನಾನೇ ಹತ್ತಾರು ಜನಕ್ಕೆ ಹೇಳಿದ್ದೇನೆ. ಅದು ಹಳೇ ಕಾಲದ ಮಾತು. ಮೈಕ್ರೋಸಾಫ್ಟ್ 2009ರಲ್ಲಿ ಸೆಕ್ಯೂರಿಟಿ ಎಸೆನ್ಷಿಯಲ್ಸ್ ಎಂಬ ಉಚಿತ ಆಂಟಿವೈರಸ್ ಕೊಟ್ಟಿತ್ತು, ಅದನ್ನು ನಾವೇ ಇಳಿಸಿಕೊಳ್ಳಬೇಕಿತ್ತು. 2012ರಲ್ಲಿ ವಿಂಡೋಸ್ 8 ಬಂದಾಗ ಡಿಫೆಂಡರ್ ಪೂರ್ತಿ ಆಂಟಿವೈರಸ್ ಆಗಿ ಒಳಗೇ ಸೇರಿತು. ಜರ್ಮನಿಯ ಮಾಗ್ಡೆಬರ್ಗ್‌ನಲ್ಲಿರುವ ಎವಿ-ಟೆಸ್ಟ್ ಸಂಸ್ಥೆ ರಕ್ಷಣೆ, ವೇಗ, ಬಳಕೆಯ ಸಲೀಸು ಎಂದು ಮೂರು ಬಾಬತ್ತಿಗೆ ತಲಾ 6ರಂತೆ 18 ಅಂಕ ಇಡುತ್ತದೆ. ಇತ್ತೀಚಿನ ವರ್ಷಗಳಲ್ಲಿ ಡಿಫೆಂಡರ್ ಅಲ್ಲಿ ಮೇಲಿನ ಸಾಲಿನಲ್ಲೇ ಇದೆ. ಆಸ್ಟ್ರಿಯಾದ ಇನ್ಸ್‌ಬ್ರುಕ್‌ನ ಎವಿ-ಕಂಪ್ಯಾರೆಟಿವ್ಸ್ ವರದಿಗಳಲ್ಲಿ ಕಂಡ ಕೊರತೆ ಒಂದು: ಡಿಫೆಂಡರ್ ಕ್ಲೌಡ್ ಮೇಲೆ, ಅಂದರೆ ಕಂಪನಿಯ ದೂರದ ಸರ್ವರ್‌ಗಳ ಮೇಲೆ, ಹೆಚ್ಚು ವಾಲಿಕೊಂಡಿದೆ, ಇಂಟರ್‌ನೆಟ್ ಕಿತ್ತರೆ ಅದರ ಪತ್ತೆ ಶಕ್ತಿ ಇಳಿಯುತ್ತದೆ. ಈ ಮನೆಯಲ್ಲಿ ಕಂಪ್ಯೂಟರ್ ಆನ್ ಆಗಿದ್ದರೆ ನೆಟ್ಟೂ ಇರುತ್ತದೆ, ಹಾಗಾಗಿ ನಡೆಯುತ್ತದೆ.

ಮೇಲಿನ ಸಾಲಿನವರ ನಡುವೆ ಇರುವುದು ಕೂದಲೆಳೆಯ ಅಂತರ. ಯಾರು ಹೆಚ್ಚು ವೈರಸ್ ಹಿಡಿಯುತ್ತಾರೆ ಅನ್ನುವುದರ ಮೇಲೆ ಆರಿಸಲು ಹೋದರೆ ಚೀಟಿ ಎತ್ತಿದ ಹಾಗೆಯೇ. ಹಾಗಾದರೆ ಬೇರೆ ಯಾವುದರ ಮೇಲೆ ಆರಿಸಲಿ?

ಕ್ಲ್ಯಾಮ್‌ಎವಿ ಎಂಬ ಉಚಿತ ಆಂಟಿವೈರಸ್ ನನ್ನ ಒಲವಿನ ಕುದುರೆ. ಓಪನ್ ಸೋರ್ಸ್, ಸಿಸ್ಕೊ ನೋಡಿಕೊಳ್ಳುತ್ತದೆ, ಮೇಲ್ ಸರ್ವರ್‌ಗಳಲ್ಲಿ ಒಳ್ಳೆ ಹೆಸರು. ಆದರೆ ವಿಂಡೋಸ್‌ನಲ್ಲಿ ಅದು ನಾವು ಸ್ಕ್ಯಾನ್ ಮಾಡು ಅಂದಾಗ ಮಾತ್ರ ಏಳುತ್ತದೆ. ಫೈಲ್ ತೆರೆಯುವ ಕ್ಷಣದಲ್ಲೇ ತಡೆಯುವ ಕಾವಲು ಅದಕ್ಕಿಲ್ಲ. ಬೇಜಾರಿನಿಂದಲೇ ಪಟ್ಟಿಯಿಂದ ಹೊಡೆದೆ.

ಇನ್ನು ಹೊರಗಿನ ಕಂಪನಿಗಳ ಉಚಿತ ಆವೃತ್ತಿಗಳು. ಇಲ್ಲಿ ಸ್ವಲ್ಪ ಹೊತ್ತು ನಿಂತೆ, ಪುಕ್ಕಟೆ ಕೊಡುವವರು ಹೊಟ್ಟೆಗೆ ಏನು ಮಾಡುತ್ತಾರೆ ಅನ್ನುವ ಕುತೂಹಲದಿಂದ. ಅವಾಸ್ಟ್ 2016ರಲ್ಲಿ ಎವಿಜಿಯನ್ನು ಕೊಂಡಿತು. ಈಗ ಅವಾಸ್ಟ್, ಎವಿಜಿ, ಅವಿರಾ, ನಾರ್ಟನ್ ನಾಲ್ಕೂ ಜೆನ್ ಡಿಜಿಟಲ್ ಎಂಬ ಒಂದೇ ಕಂಪನಿಯವು. ಹೆಸರು ನಾಲ್ಕು, ಯಜಮಾನ ಒಬ್ಬ. ಬಳಕೆದಾರರ ಬ್ರೌಸಿಂಗ್ ವಿವರವನ್ನು ಜಂಪ್‌ಶಾಟ್ ಎಂಬ ಅಂಗಸಂಸ್ಥೆಯ ಮೂಲಕ ಮಾರಿದ ಆರೋಪ ಅವಾಸ್ಟ್ ಮೇಲೆ ಬಂದಿತ್ತು. ಜಂಪ್‌ಶಾಟನ್ನು 2020ರಲ್ಲಿ ಮುಚ್ಚಿದರು. 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1.65 ಕೋಟಿ ಡಾಲರ್ ಕಟ್ಟಿಸಿ, ಜಾಹೀರಾತಿಗಾಗಿ ಇಂಥ ವಿವರ ಮಾರುವುದನ್ನೂ ನಿಷೇಧಿಸಿತು. ಆಗಿಹೋದ ಕಥೆ, ನಿಜ. ಆದರೂ ಆಂಟಿವೈರಸ್ ಅಂದರೆ ಫೈಲು, ವೆಬ್ ವಿಳಾಸ ಎಲ್ಲವನ್ನೂ ಇಣುಕಿ ನೋಡುವ ಹಕ್ಕು ಇರುವ ಪ್ರೋಗ್ರಾಂ. ಮನೆಯ ಬೀಗದ ಕೈ ಯಾರಿಗೆ ಕೊಡುತ್ತಿದ್ದೇವೆ ಎಂದು ಒಮ್ಮೆ ನೋಡುವುದರಲ್ಲಿ ತಪ್ಪಿಲ್ಲ.

ದಿನ 7

ನೋಟ್‌ಬುಕ್ ಕೈಗೆ ಬಂತು. ಆರು ದಿನಕ್ಕೆ 19 ಗೀಟು.

ಅಮ್ಮನ ಅಕ್ಷರದಲ್ಲಿ: "ಕಸ ಇದೆ ಅಂತೆ." "ವಿಪಿಎನ್ ತಗೋ." "5 ವೈರಸ್!!" "ಕಂಪ್ಯೂಟರ್ ನಿಧಾನ ಅಂತೆ (ಗೊತ್ತಿದೆ)." "3 ವೈರಸ್, ಬೇಗ." "ಅರ್ಧ ಬೆಲೆ, ಇವತ್ತೇ ಕೊನೆ." ಈ ಕೊನೆಯದು ಮೂರು ದಿನ ಬಂದಿದೆ.

ಒಂದೊಂದನ್ನೂ ಎಲ್ಲಿಂದ ಬಂತು ಎಂದು ಹುಡುಕಿದೆ. ಏಳು ಆಂಟಿವೈರಸ್‌ನವು, ಏಳೂ ದುಡ್ಡಿನ ಆವೃತ್ತಿ ಮಾರುವ ಮಾತು. ಪೆನ್‌ಡ್ರೈವ್ ಚುಚ್ಚಿದಾಗ ಅದು ನಿಜವಾಗಿ ಪರೀಕ್ಷಿಸಿ ಹೇಳಿದ್ದು ಒಂದು. ಉಳಿದ ಹನ್ನೊಂದು ಆಂಟಿವೈರಸ್‌ಗೆ ಸಂಬಂಧವೇ ಇಲ್ಲದವು! ಅವು ಬ್ರೌಸರ್‌ನ ನೋಟಿಫಿಕೇಷನ್‌ಗಳು. ಯಾವುದೋ ಸೈಟು "ನೀವು ರೋಬೋಟ್ ಅಲ್ಲ ಎಂದು ತೋರಿಸಲು ಅಲೋ ಒತ್ತಿ" ಅಂದಿದೆ, ಅಮ್ಮ ಒತ್ತಿದ್ದಾಳೆ. ಅಂದಿನಿಂದ ಆ ಸೈಟು ತೆರೆಯದಿದ್ದರೂ ಮೂಲೆಯಲ್ಲಿ "5 ವೈರಸ್" ಎಂದು ಬೊಬ್ಬೆ ಹಾಕುತ್ತಿತ್ತು. ಒತ್ತಿದರೆ ನಕಲಿ ಸ್ಕ್ಯಾನ್ ಪುಟ, ಅದರ ಕೆಳಗೆ ದುಡ್ಡು ಕಟ್ಟುವ ದಾರಿ.

ನನ್ನ ತಲೆ ಬಿಸಿಯಾಗಿದ್ದು ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ. ಅಸಲಿ ಕಂಪನಿಯ ಜಾಹೀರಾತು, ವಂಚಕರ ನಕಲಿ ಎಚ್ಚರಿಕೆ, ಎರಡಕ್ಕೂ ಅದೇ ಕೆಂಪು, ಅದೇ ಗುರಾಣಿ ಚಿತ್ರ, ಅದೇ ಅವಸರದ ದನಿ. ದಿನಕ್ಕೆ ಮೂರು ಸಲ "ಹುಲಿ ಬಂತು ಹುಲಿ" ಅಂದರೆ ನಾಲ್ಕನೇ ಸಲ ಯಾರು ತಿರುಗಿ ನೋಡುತ್ತಾರೆ? ಓದದೆ ಮುಚ್ಚುವುದನ್ನು ಅಮ್ಮನಿಗೆ ಕಲಿಸಿದ್ದು ನಾನು ಹಾಕಿಕೊಟ್ಟ ಸಾಫ್ಟ್‌ವೇರೇ.

ಹಾಗಾಗಿ ಆರಿಸುವ ಅಳತೆಗೋಲು ಸಿಕ್ಕಿತು: ಯಾವುದು ಕಡಿಮೆ ಕೂಗುತ್ತದೆ, ಕೂಗಿದಾಗ ಅದಕ್ಕೆ ಕಾರಣ ಇರುತ್ತದೆ, ಅದು. ಮಾರಲು ಏನೂ ಇಲ್ಲದ ಡಿಫೆಂಡರ್ ಅಲ್ಲೇ ಗೆದ್ದಿತು.

ದಿನ 8

ಹಳೆಯದನ್ನು ತೆಗೆದೆ. ತೆಗೆಯುವಾಗ "ನಿಜವಾಗಿಯೂ ಹೊರಡುತ್ತೀರಾ" ಎಂದು ಮೂರು ಪುಟ ಗೋಗರೆಯಿತು. ಮಾಮೂಲಿ ಅನ್‌ಇನ್‌ಸ್ಟಾಲ್ ಮಾಡಿದ ಮೇಲೂ ಚೂರುಪಾರು ಉಳಿದಿದ್ದವು. ಅದೇ ಕಂಪನಿ ಕೊಡುವ ಕ್ಲೀನಪ್ ಟೂಲನ್ನು ಸೇಫ್ ಮೋಡ್‌ನಲ್ಲಿ (ವಿಂಡೋಸ್ ತೀರಾ ಬೇಕಾದಷ್ಟನ್ನೇ ಎಬ್ಬಿಸುವ ಸ್ಥಿತಿ) ಓಡಿಸಿದ ಮೇಲೆ ಬೇರು ಸಮೇತ ಹೋಯಿತು.

ರೀಸ್ಟಾರ್ಟ್ ಆದೊಡನೆ ಡಿಫೆಂಡರ್ ತಾನೇ ಎದ್ದಿತು. ಹೊರಗಿನ ಆಂಟಿವೈರಸ್ ತನ್ನನ್ನು ವಿಂಡೋಸ್‌ನಲ್ಲಿ ನೋಂದಾಯಿಸಿಕೊಂಡರೆ ಡಿಫೆಂಡರ್ ಪಕ್ಕಕ್ಕೆ ಸರಿಯುತ್ತದೆ, ಅದು ಹೋದರೆ ಮತ್ತೆ ಜಾಗಕ್ಕೆ ಬರುತ್ತದೆ. ಎರಡು ಇದ್ದರೆ ಎರಡು ಪಟ್ಟು ರಕ್ಷಣೆ ಅನ್ನುವುದು ತಪ್ಪು ಲೆಕ್ಕ. ಇವೆಲ್ಲ ಸಿಸ್ಟಮ್‌ನ ತಳದಲ್ಲಿ ಕೂತು ಪ್ರತಿ ಫೈಲನ್ನೂ ತಡೆದು ನೋಡುತ್ತವೆ. ಇಬ್ಬರು ಒಂದೇ ಬಾಗಿಲಲ್ಲಿ ನಿಂತರೆ ಜಗಳ, ನಿಧಾನ. ಆ ತಳದಲ್ಲಿ ಒಂದು ತಪ್ಪಾದರೆ ಏನಾಗುತ್ತದೆ ಅನ್ನುವುದಕ್ಕೆ 2024ರ ಜುಲೈ 19 ಇದೆ: ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ಕೆಟ್ಟ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಮಲಗಿದವು.

ಎದ್ದಿದೆ ಸರಿ, ಕೆಲಸ ಮಾಡುತ್ತದಾ? ಇದಕ್ಕೆಂದೇ ಐಕಾರ್ ಎಂಬ ಪರೀಕ್ಷಾ ಫೈಲ್ ಇದೆ. ಬರೀ 68 ಅಕ್ಷರಗಳ ಒಂದು ಸಾಲು, ಯಾವ ಹಾನಿಯನ್ನೂ ಮಾಡದು. ಇದನ್ನು ಕಂಡರೆ ವೈರಸ್ ಕಂಡಂತೆ ನಡೆದುಕೊಳ್ಳಬೇಕು ಎಂದು ಬಹುತೇಕ ಆಂಟಿವೈರಸ್ ತಯಾರಕರು ಒಪ್ಪಿಕೊಂಡಿದ್ದಾರೆ. ಫೋನಿನಲ್ಲಿ ಆ ಸಾಲು ನೋಡಿಕೊಂಡು ನೋಟ್‌ಪ್ಯಾಡ್‌ನಲ್ಲಿ ಟೈಪ್ ಮಾಡಿ ಸೇವ್ ಮಾಡಿದೆ. ಏನೂ ಆಗಲಿಲ್ಲ. ಫೈಲ್ ಡೆಸ್ಕ್‌ಟಾಪ್ ಮೇಲೆ ಆರಾಮಾಗಿ ಕೂತಿತ್ತು. ಸೆಟ್ಟಿಂಗ್ಸ್ ಎಲ್ಲ ಜಾಲಾಡಿದೆ, ರಿಯಲ್-ಟೈಮ್ ರಕ್ಷಣೆ ಆನ್ ಇದೆ, ಮತ್ತೆ ಸೇವ್ ಮಾಡಿದೆ, ಊಹೂಂ. ಅರ್ಧ ಗಂಟೆ ಡಿಫೆಂಡರ್‌ಗೆ ಶಾಪ ಹಾಕಿದ ಮೇಲೆ ಕಣ್ಣಿಗೆ ಬಿತ್ತು: ಮೂರನೇ ಅಕ್ಷರ ಇಂಗ್ಲಿಷ್‌ನ ದೊಡ್ಡ ಓ, ನಾನು ಹೊಡೆದದ್ದು ಸೊನ್ನೆ. ತಿದ್ದಿ ಸೇವ್ ಒತ್ತಿದೆ. ಐಕಾನ್ ಒಂದು ಕ್ಷಣ ಮಿನುಗಿ ಹೋಯಿತು, ಬೆದರಿಕೆ ಸಿಕ್ಕಿದೆ ಎಂಬ ಚೌಕ ಬಂತು. ಈ ಮನೆಯಲ್ಲಿ ಕೆಂಪು ಚೌಕ ನೋಡಿ ಖುಷಿಪಟ್ಟವನು ನಾನೊಬ್ಬನೇ.

ದಿನ 9

ಎರಡನೇ ಅಭಿಪ್ರಾಯಕ್ಕೆ ಮಾಲ್‌ವೇರ್‌ಬೈಟ್ಸ್‌ನ ಉಚಿತ ಆವೃತ್ತಿ ಹಾಕಿದೆ. ಉಚಿತದ್ದು ಕೇಳಿದಾಗ ಮಾತ್ರ ಸ್ಕ್ಯಾನ್ ಮಾಡುತ್ತದೆ, ಹಾಗಾಗಿ ಡಿಫೆಂಡರ್ ಜೊತೆ ತಿಕ್ಕಾಟವಿಲ್ಲ. ಶುರುವಿನಲ್ಲಿ ದುಡ್ಡಿನ ಆವೃತ್ತಿಯ ಟ್ರಯಲ್ ಆನ್ ಆಗುವ ಸಂಭವ ಉಂಟು, ಅದನ್ನು ಆಫ್ ಮಾಡಿದೆ.

ಸಿಕ್ಕಿದ್ದು ವೈರಸ್ ಅಲ್ಲ, "ಬೇಡದ ಪ್ರೋಗ್ರಾಂ"ಗಳು: ಒಂದು ಟೂಲ್‌ಬಾರ್, "ಪಿಸಿ ವೇಗ ಹೆಚ್ಚಿಸುವ" ಒಂದು ಮಹಾಶಯ. ಮೂಲ ಹುಡುಕಿದರೆ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಪಿಡಿಎಫ್ ಪರಿವರ್ತಕದ ಸೆಟಪ್ ಫೈಲ್. ಅದನ್ನು ವೈರಸ್‌ಟೋಟಲ್‌ಗೆ ಏರಿಸಿದೆ. ಅದು ಹತ್ತಾರು ಆಂಟಿವೈರಸ್ ಎಂಜಿನ್‌ಗಳಿಗೆ ಒಂದೇ ಫೈಲನ್ನು ತೋರಿಸಿ ಅಭಿಪ್ರಾಯ ಕೇಳುವ ಉಚಿತ ಸೇವೆ, 2012ರಿಂದ ಗೂಗಲ್‌ನದ್ದು. ಕೆಲವು ಎಂಜಿನ್‌ಗಳು ಮೂಗು ಮುರಿದವು, ಬಹಳಷ್ಟು ಸುಮ್ಮನಿದ್ದವು. ಗಡಿ ಮೇಲಿನ ಸರಕು ಅಂದರೆ ಹೀಗೇ. ಒಂದು ಮಾತು: ಅಲ್ಲಿ ಏರಿಸಿದ ಫೈಲುಗಳು ಭದ್ರತಾ ಕಂಪನಿಗಳ ಕೈಗೂ ಸಿಗುತ್ತವೆ. ಸೆಟಪ್ ಫೈಲ್ ಸರಿ, ಮನೆಯ ಕಾಗದಪತ್ರ ಬೇಡ.

ಅದೇ ಸಂಜೆ ಬ್ರೌಸರ್ ಕಡೆ ಕೈ ಹಾಕಿದೆ. ಫೈರ್‌ಫಾಕ್ಸ್ ಹಾಕಿ, ನೋಟಿಫಿಕೇಷನ್ ಅನುಮತಿ ಕೇಳುವುದನ್ನೇ ಬಂದ್ ಮಾಡಿದೆ. ಇದಕ್ಕೆ ಹಿಡಿದದ್ದು ಒಂದು ನಿಮಿಷ, ಹನ್ನೊಂದು ಗೀಟಿನ ಕಥೆ ಅಲ್ಲಿಗೆ ಮುಗಿಯಿತು. ಜೊತೆಗೆ ಜಾಹೀರಾತು ತಡೆಯುವ, ರೇಮಂಡ್ ಹಿಲ್ ಅವರ ಯುಬ್ಲಾಕ್ ಒರಿಜಿನ್. ಪಿಡಿಎಫ್ ಪುಟದಲ್ಲಿದ್ದ ನಾಲ್ಕು "ಡೌನ್‌ಲೋಡ್" ಬಟನ್‌ಗಳಲ್ಲಿ ಮೂರು ಮಾಯವಾದವು.

ದಿನ 12

ಅಪ್‌ಡೇಟ್ ಪುಟ ತೆರೆದು ನಾಚಿಕೆಯಾಯಿತು. "ಅಪ್‌ಡೇಟ್ ತಡೆಹಿಡಿಯಲಾಗಿದೆ." ತಡೆಹಿಡಿದದ್ದೂ ನಾನೇ, ಯಾವತ್ತೋ ಅವಸರದಲ್ಲಿ.

2017ರ ಮೇ 12ರಂದು ಹಬ್ಬಿದ ವಾನ್ನಾಕ್ರೈ ಎಂಬ ವೈರಸ್ ಯಾರೂ ಏನನ್ನೂ ಒತ್ತದಿದ್ದರೂ ನೆಟ್‌ವರ್ಕ್ ಮೂಲಕ ಯಂತ್ರದಿಂದ ಯಂತ್ರಕ್ಕೆ ನುಗ್ಗಿ ಫೈಲುಗಳಿಗೆ ಬೀಗ ಹಾಕಿತು. ಅದು ಬಳಸಿದ ತೂತಿಗೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ತೇಪೆ ಕೊಟ್ಟಿತ್ತು. ಎರಡು ತಿಂಗಳು ಅಪ್‌ಡೇಟ್ ಮುಂದೂಡಿದವರ ಯಂತ್ರಗಳೇ ಹೆಚ್ಚಾಗಿ ಬಿದ್ದದ್ದು.

ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಈ ಹಳೇ ಪ್ರೊಸೆಸರ್ ಮೇಲೆ ವಿಂಡೋಸ್ 11 ಕೂರುವುದಿಲ್ಲ. ಒಂದು ವರ್ಷದ ವಿಸ್ತರಿತ ಭದ್ರತಾ ಅಪ್‌ಡೇಟ್‌ಗೆ ಸೇರಿಸಿದೆ, 2026ರ ಅಕ್ಟೋಬರ್ ತನಕ ನಿಶ್ಚಿಂತೆ. ಡಿಫೆಂಡರ್‌ನ ವೈರಸ್ ಪಟ್ಟಿ ಅದಾದ ಮೇಲೂ ಬರುತ್ತದೆ ಎಂದು ಸಮಾಧಾನ ಮಾಡಿಕೊಳ್ಳುವ ಹಾಗಿಲ್ಲ. ಗೋಡೆಯಲ್ಲಿ ತೂತು ಇಟ್ಟುಕೊಂಡು ಬಾಗಿಲಿಗೆ ಕಾವಲು ಹಾಕಿದಂತಾಗುತ್ತದೆ.

ಅಮ್ಮನ ಅಕೌಂಟ್ ಇಷ್ಟು ವರ್ಷ ಅಡ್ಮಿನ್, ಅಂದರೆ ಏನು ಬೇಕಾದರೂ ಬದಲಿಸುವ ಅಧಿಕಾರದ್ದು, ಆಗಿತ್ತು. ಬೇರೊಂದು ಅಡ್ಮಿನ್ ಅಕೌಂಟ್ ಮಾಡಿ, ಅವಳದನ್ನು ಸ್ಟ್ಯಾಂಡರ್ಡ್‌ಗೆ ಇಳಿಸಿದೆ. ಇನ್ನು ಇಡೀ ಯಂತ್ರದ ಮೇಲೆ ಏನಾದರೂ ಇನ್‌ಸ್ಟಾಲ್ ಆಗಬೇಕಾದರೆ ಪಾಸ್‌ವರ್ಡ್ ಬೇಕು. "ನನ್ನ ಕಂಪ್ಯೂಟರಲ್ಲಿ ನಾನೇ ಸ್ಟ್ಯಾಂಡರ್ಡಾ?" ಎಂದು ಮುಖ ಗಂಟು ಹಾಕಿದಳು. ನನ್ನ ಲ್ಯಾಪ್‌ಟಾಪನ್ನೂ ಹಾಗೇ ಮಾಡಿ ತೋರಿಸಿದ ಮೇಲೆ ಒಪ್ಪಿದಳು.

ದಿನ 15

ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್ ಆನ್ ಮಾಡಿದೆ. 2017ರಿಂದ ವಿಂಡೋಸ್ 10ರಲ್ಲಿ ಇದೆ, ಆದರೆ ನಾವಾಗಿ ಆನ್ ಮಾಡಬೇಕು. ನಂಬಿಕೆಯ ಪಟ್ಟಿಯಲ್ಲಿ ಇಲ್ಲದ ಪ್ರೋಗ್ರಾಂ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ಗಳಲ್ಲಿ ಬರೆಯಲು ಹೋದರೆ ತಡೆಯುತ್ತದೆ. ಅಮ್ಮ ಫೋಟೋ ತಿದ್ದುವ ಒಂದು ಸಣ್ಣ ಪ್ರೋಗ್ರಾಂ ಸಿಕ್ಕಿಬಿತ್ತು, ಕೈಯಾರೆ ಪಟ್ಟಿಗೆ ಸೇರಿಸಿದೆ.

ಆಮೇಲೆ ಬ್ಯಾಕಪ್: ಹೊರಗಿನ ಒಂದು ಡಿಸ್ಕ್, ವಿಂಡೋಸ್‌ನದೇ ಬ್ಯಾಕಪ್ ಸೌಲಭ್ಯವಾದ ಫೈಲ್ ಹಿಸ್ಟರಿ, ಕೆಲಸ ಮುಗಿದ ಮೇಲೆ ಕೇಬಲ್ ಕಿತ್ತು ಬೀರುವಿಗೆ. ಚುಚ್ಚಿಯೇ ಇಟ್ಟರೆ ಬೀಗ ಹಾಕುವ ವೈರಸ್ ಅದಕ್ಕೂ ಬೀಗ ಹಾಕುತ್ತದೆ. ಒಂದು ಫೋಲ್ಡರ್ ವಾಪಸ್ ತಂದು ನೋಡಿದೆ, ಫೋಟೋ ಎಲ್ಲ ತೆರೆದವು.

ದಿನ 21

ಈ ವಾರದ ಗೀಟು ಎರಡು. ಒಂದು, ಸ್ಕ್ಯಾನ್‌ನಲ್ಲಿ ಹೊಸದೇನೂ ಸಿಗಲಿಲ್ಲ ಎಂಬ ಡಿಫೆಂಡರ್ ವರದಿ. ಇನ್ನೊಂದಕ್ಕೆ ಅಮ್ಮ ಅರ್ಧ ಪುಟ ಬರೆದಿದ್ದಳು, ಪ್ರೋಗ್ರಾಂ ಹೆಸರು, ಅದು ಪಾಸ್‌ವರ್ಡ್ ಕೇಳಿದ್ದು, ಗಂಟೆ ಎಷ್ಟು ಅನ್ನುವುದೂ ಸೇರಿ. ಒತ್ತುವ ಮೊದಲು ನನಗೆ ಫೋನ್ ಮಾಡಿದ್ದಳು. ಪ್ರಿಂಟರ್‌ನ ಅಪ್‌ಡೇಟ್ ಅಷ್ಟೇ.

ಬಾಕಿ ಕೆಲಸ: ಅಕ್ಟೋಬರ್ ಬರುವ ಮೊದಲು ವಿಂಡೋಸ್ ಬದಲಿಗೆ ಪೆನ್‌ಡ್ರೈವ್‌ನಿಂದ ಲಿನಕ್ಸ್ ಓಡಿಸಿ ಪ್ರಿಂಟರ್ ಒಗ್ಗುತ್ತದಾ ನೋಡಬೇಕು. ತಿಂಗಳಿಗೊಮ್ಮೆ ಬ್ಯಾಕಪ್.

ಹೊರಡುವಾಗ ಅಮ್ಮ ಕರೆದಳು. "ಅದ್ಯಾಕೋ ಈಗ ಏನೂ ಕೂಗಲ್ವಲ್ಲ, ಕೆಟ್ಟುಹೋಯ್ತಾ?" ಗಡಿಯಾರದ ಪಕ್ಕದ ಬಾಣ ಒತ್ತಿ, ಗುರಾಣಿಯ ಮೇಲಿನ ಹಸಿರು ಟಿಕ್ ಎಲ್ಲಿದೆ ಎಂದು ತೋರಿಸಿಕೊಟ್ಟೆ. ನೋಟ್‌ಬುಕ್‌ನಲ್ಲಿ ಅದರ ಚಿತ್ರವನ್ನೂ ಬರೆದಿಟ್ಟುಕೊಂಡಳು.