ಕಾಲಿನ ದೊಡ್ಡ ಗಾಯಕ್ಕೆ ವ್ಯಾಕ್ ಡ್ರೆಸಿಂಗ್: ಎಡವಟ್ಟಾಗುವುದು ಎಲ್ಲಿ?

ಲಾರಿ ಚಕ್ರ ಹರಿದು ಮೊಣಕಾಲಿನಿಂದ ಹಿಮ್ಮಡಿಯವರೆಗೆ ಚರ್ಮ ಸುಲಿದ ಕಾಲು ಬಂತೆಂದರೆ ‘ವ್ಯಾಕ್ ಹಾಕಿಬಿಡೋಣ’ ಎಂಬ ಮಾತು ವಾರ್ಡಿನಲ್ಲಿ ಬೇಗ ಬರುತ್ತದೆ. ವ್ಯಾಕ್ ಎಂದರೆ ಗಾಯದೊಳಗೆ ಫೋಮ್ ಇಟ್ಟು, ಮೇಲೆ ಅಂಟುವ ಪ್ಲಾಸ್ಟಿಕ್ ಫಿಲ್ಮ್ ಮುಚ್ಚಿ, ಟ್ಯೂಬಿನ ಮೂಲಕ ಸಕ್ಷನ್ ಕೊಟ್ಟು ದ್ರವ ಎಳೆಯುವ ಡ್ರೆಸಿಂಗ್. ಹಾಕಬಹುದು, ಆದರೆ ಡಿಬ್ರೈಡ್‌ಮೆಂಟ್ (ಸತ್ತ ಮಾಂಸವನ್ನು, ಕೊಳೆಯನ್ನು ಕತ್ತರಿಸಿ ತೆಗೆಯುವುದು) ಸರಿಯಾಗಿ ಆದ ಮೇಲೆ. ಚಿವುಟಿದರೆ ಮಿಡುಕದ, ಕತ್ತರಿಸಿದರೆ ರಕ್ತ ಜಿನುಗದ ಸ್ನಾಯು ಉಳಿದಿದ್ದರೆ ಫೋಮ್ ಅದನ್ನು ಕಣ್ಣಿಗೆ ಬೀಳದಂತೆ ಮುಚ್ಚುತ್ತದೆ, ಅಷ್ಟೇ. ಮಾಂಸ ಬದುಕಿದೆಯೋ ಇಲ್ಲವೋ ಎಂಬ ಅನುಮಾನವಿದ್ದರೆ 24ರಿಂದ 48 ಗಂಟೆಯೊಳಗೆ ಆಪರೇಷನ್ ಥಿಯೇಟರಿನಲ್ಲಿ ಇನ್ನೊಮ್ಮೆ ಬಿಚ್ಚಿ ನೋಡಬೇಕು.

ಕಪ್ಪು ಫೋಮನ್ನು ಗಾಯದ ಮೇಲೆ ಹಿಡಿದು ಕತ್ತರಿಸಬೇಡಿ; ಪುಡಿ ಒಳಗೆ ಬೀಳುತ್ತದೆ. ದೂರ ಕತ್ತರಿಸಿ, ಅಂಚನ್ನು ಬೆರಳಿನಿಂದ ಉಜ್ಜಿ ಉದುರಿಸಿ. ಫೋಮ್ ಗಾಯದೊಳಗೇ ಕೂರಬೇಕು. ಒಳ್ಳೆಯ ಚರ್ಮದ ಮೇಲೆ ಹತ್ತಿದರೆ ಅಲ್ಲಿ ಚರ್ಮ ಬೆಂದು ಗುಳ್ಳೆ ಏಳುತ್ತದೆ. ಬರಿದಾದ ಸ್ನಾಯುರಜ್ಜು, ಮೂಳೆಯ ಮೇಲೆ ಪ್ಯಾರಾಫಿನ್ ಸವರಿದ ಗಾಜ್ ಬಟ್ಟೆ ಅಥವಾ ಒದ್ದೆ ಬಿಳಿ ಫೋಮ್ ಇಟ್ಟು ಮುಂದುವರಿಯಬಹುದು. ರಕ್ತನಾಳವೋ ನರವೋ ತೆರೆದು ಕಾಣುತ್ತಿದ್ದರೆ ವ್ಯಾಕ್ ಬೇಡ. ಮೊದಲು ಅದಕ್ಕೆ ಮಾಂಸದ ಹೊದಿಕೆ ಆಗಬೇಕು. ಎಷ್ಟು ತುಂಡು ಇಟ್ಟಿರೋ ಆ ಸಂಖ್ಯೆಯನ್ನು ಫಿಲ್ಮಿನ ಮೇಲೆ ಮಾರ್ಕರ್‌ನಲ್ಲಿ ತಾರೀಕಿನ ಜೊತೆ ಬರೆಯಿರಿ, ಕೇಸ್ ಶೀಟಿನಲ್ಲೂ ಬರೆಯಿರಿ. ಬಿಚ್ಚುವವರು ಬೇರೆ ಶಿಫ್ಟಿನವರು. ಆಳದ ಸಂದಿಯಲ್ಲಿ ಉಳಿದ ಒಂದೇ ತುಂಡು ಕೀವಿಗೆ ಸಾಕು.

ನಿಜವಾದ ಕಷ್ಟ ಸೀಲಿನದು. ಸುತ್ತಲಿನ ಕೂದಲನ್ನು ಕ್ಲಿಪ್ಪರ್‌ನಿಂದ ತೆಗೆದು, ಚರ್ಮ ಪೂರ್ತಿ ಒಣಗಿಸಿ, ಗಾಯವನ್ನು ತಪ್ಪಿಸಿ ಟಿಂಕ್ಚರ್ ಬೆಂಜಾಯಿನ್ ಹಚ್ಚಿ ಅದು ಅಂಟಂಟಾಗುವವರೆಗೆ ಕಾಯಿರಿ. ಫಿಲ್ಮ್ ಗಾಯದಂಚಿನಿಂದ 3–5 ಸೆಂ.ಮೀ. ಆಚೆಗೆ ಹೋಗಬೇಕು. ಒಂದೇ ದೊಡ್ಡ ಹಾಳೆಯನ್ನು ಕಾಲಿನ ಸುತ್ತ ಎಳೆದು ಸುತ್ತಬಾರದು: ಊತ ಏರಿದರೆ ಅದು ಕಾಲನ್ನು ಬಿಗಿಯುತ್ತದೆ. ಪಟ್ಟಿ ಪಟ್ಟಿಯಾಗಿ, ಎಳೆಯದೆ, ಒಂದರ ಮೇಲೊಂದು ಅಂಚು ಬರುವಂತೆ ಅಂಟಿಸಿ. ಎಕ್ಸ್‌ಟರ್ನಲ್ ಫಿಕ್ಸೇಟರ್ (ಮುರಿದ ಮೂಳೆಯನ್ನು ಹೊರಗಿನಿಂದ ಹಿಡಿದಿಡುವ ಪಿನ್ನು-ಸರಳುಗಳ ಚೌಕಟ್ಟು) ಇದ್ದರೆ ಪ್ರತಿ ಪಿನ್ನಿನ ಬುಡಕ್ಕೆ ಸಂದು ಮುಚ್ಚುವ ಸ್ಟೋಮಾ ಪೇಸ್ಟ್ ಹಾಕಿ, ಎರಡು ಪಟ್ಟಿಗಳ ಅಂಟನ್ನು ಎದುರುಬದುರು ತಂದು ಪಿನ್ನನ್ನು ನಡುವೆ ಹಿಡಿಯಿರಿ. ಬೆರಳ ಸಂದಿ, ಹಿಮ್ಮಡಿಯ ಹಿಂಬದಿ, ಮೊಣಕಾಲಿನ ಹಿಂದಿನ ಮಡಿಕೆ, ಸೋರುವುದು ಹೆಚ್ಚಾಗಿ ಇಲ್ಲೇ. ರಾಯಚೂರಿನ ಬೇಸಿಗೆಯಲ್ಲಿ, ಮಂಗಳೂರಿನ ಸೆಕೆಯಲ್ಲಿ ಬೆವರೇ ಅಂಟು ಬಿಡಿಸುತ್ತದೆ.

ಟ್ಯೂಬಿಗಾಗಿ ಫಿಲ್ಮಿನಲ್ಲಿ ಸುಮಾರು 2 ಸೆಂ.ಮೀ.ನ ದುಂಡು ತೂತು ಕತ್ತರಿಸಿ ತೆಗೆಯಿರಿ. ಬರೀ ಸೀಳಿದರೆ ಎಳೆತಕ್ಕೆ ಅದು ಮುಚ್ಚಿಕೊಳ್ಳುತ್ತದೆ. ಟ್ಯೂಬ್ ಹಿಮ್ಮಡಿಯ ಕೆಳಗೋ ಮೂಳೆಯ ಏಣಿನ ಮೇಲೋ ಹಾದರೆ ಅಲ್ಲಿ ಇನ್ನೊಂದು ಹುಣ್ಣು ಖಚಿತ.

ಮಾಮೂಲಿ ಒತ್ತಡ ಮೈನಸ್ 125 ಎಂಎಂಎಚ್‌ಜಿ, ಮೊದಲ 48 ಗಂಟೆ ಬಿಡದೆ. ನೋವು ತಡೆಯಲಾರದಿದ್ದರೆ 75ಕ್ಕೆ ಇಳಿಸಬಹುದು. ಆನ್ ಮಾಡಿದ ಕೂಡಲೇ ಫೋಮ್ ಒಣದ್ರಾಕ್ಷಿಯಂತೆ ಸುಕ್ಕಾಗಿ ಗಟ್ಟಿಯಾಗಬೇಕು. ಮೆತ್ತಗೇ ಇದ್ದರೆ ಸೋರಿಕೆ ಇದೆ ಎಂದರ್ಥ: ಅಂಚಿನುದ್ದಕ್ಕೂ ಅಂಗೈ ಒತ್ತುತ್ತಾ ಬನ್ನಿ, ಸುಯ್ ಎನ್ನುವ ಸದ್ದು ನಿಂತ ಜಾಗಕ್ಕೆ ಪಟ್ಟಿ ಹಾಕಿ. ಮಷೀನಿಲ್ಲದೆ ಗೋಡೆಯ ಸಕ್ಷನ್‌ಗೆ ಜೋಡಿಸುವ ಕಡೆ ಎಚ್ಚರ ದುಪ್ಪಟ್ಟು ಬೇಕು. ರೆಗ್ಯುಲೇಟರ್ ಇಲ್ಲದಿದ್ದರೆ ಎಳೆತ 300 ದಾಟೀತು, ಸೋರಿದರೆ ಅಲಾರಂ ಇಲ್ಲ, ರಕ್ತ ಬಂದರೂ ಅದು ತಾನಾಗಿ ನಿಲ್ಲುವುದಿಲ್ಲ. ಗಂಟೆಗೊಮ್ಮೆ ಯಾರಾದರೂ ನೋಡುವಂತಿದ್ದರೆ ಮಾತ್ರ ಅದಕ್ಕೆ ಕೈಹಾಕಿ.

ರೌಂಡ್ಸ್‌ನಲ್ಲಿ ಪರದೆಯ ಅಂಕಿಗಿಂತ ಮೊದಲು ಕಾಲ್ಬೆರಳು ನೋಡಿ: ಬಿಸಿ ಇದೆಯೇ, ಒತ್ತಿ ಬಿಟ್ಟರೆ 2–3 ಸೆಕೆಂಡಿನಲ್ಲಿ ಬಣ್ಣ ಮರಳುತ್ತದೆಯೇ, ಬೆರಳನ್ನು ಮೆಲ್ಲಗೆ ಮೇಲೆತ್ತಿದರೆ ವಿಪರೀತ ನೋವಿದೆಯೇ. ಟ್ಯೂಬಿನಲ್ಲಿ ಕಡುಗೆಂಪು ರಕ್ತ ಓಡಿದರೆ ಸಕ್ಷನ್ ನಿಲ್ಲಿಸಿ, ಡ್ರೆಸಿಂಗ್ ಕೀಳದೆ ಮೇಲಿನಿಂದ ಒತ್ತಿ ಹಿಡಿದು ಸರ್ಜನ್ನರನ್ನು ಕರೆಯಿರಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಜಾತಿಯ ಇಂಜೆಕ್ಷನ್ ಪಡೆಯುತ್ತಿರುವವರಲ್ಲಿ ಈ ಭಯ ಜಾಸ್ತಿ. ಕರೆಂಟ್ ಹೋಗಿಯೋ, ಫೋನ್ ಚಾರ್ಜಿಗೆಂದು ಯಾರೋ ಪ್ಲಗ್ ಕಿತ್ತು ಆಮೇಲೆ ಬ್ಯಾಟರಿ ಮುಗಿದೋ ಸಕ್ಷನ್ 2 ಗಂಟೆಗಿಂತ ಹೆಚ್ಚು ನಿಂತರೆ ಫೋಮ್ ಪೂರ್ತಿ ತೆಗೆದು ಒದ್ದೆ ಗಾಜ್ ಹಾಕಬೇಕು. ಎಳೆತವಿಲ್ಲದ ಫೋಮ್ ಕೊಳಕು ನೀರನ್ನು ಗಾಯದೊಳಗೇ ಹಿಡಿದಿಡುತ್ತದೆ.

ಬದಲಾವಣೆ 48ರಿಂದ 72 ಗಂಟೆಗೊಮ್ಮೆ; ಸೋಂಕಿದ್ದರೆ ಇನ್ನೂ ಬೇಗ. ಅದಕ್ಕಿಂತ ತಡವಾದರೆ ಹೊಸ ಮಾಂಸ ಫೋಮಿನ ರಂಧ್ರಗಳಿಗೆ ನುಗ್ಗಿ, ಕೀಳುವಾಗ ರಕ್ತ ಸುರಿಯುತ್ತದೆ. ನೋವಿನ ಮದ್ದನ್ನು ಮೊದಲೇ ಕೊಟ್ಟು, ಸಕ್ಷನ್ ನಿಲ್ಲಿಸಿ, ಫೋಮಿಗೆ ಸಲೈನ್ ಬಿಟ್ಟು 15–30 ನಿಮಿಷ ಕಾದರೆ ಸಲೀಸಾಗಿ ಬರುತ್ತದೆ. ಈ ಅರ್ಧ ಗಂಟೆ ಉಳಿಸಲು ಹೋಗುವವರೇ ರೋಗಿಯನ್ನು ಕಿರುಚಿಸುವುದು.

ಇದರಿಂದ ಪವಾಡ ನಿರೀಕ್ಷಿಸಬೇಡಿ. ಕಾಲಿನ ತೀವ್ರ ಓಪನ್ ಫ್ರ್ಯಾಕ್ಚರ್ (ಚರ್ಮ ಹರಿದ ಮೂಳೆ ಮುರಿತ) ಆದ 460 ಜನರ ಮೇಲೆ ಬ್ರಿಟನ್ನಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 12 ತಿಂಗಳ ನಂತರದ ಅಂಗವೈಕಲ್ಯದಲ್ಲಿ ವ್ಯಾಕ್‌ಗೂ ಸಾಮಾನ್ಯ ಡ್ರೆಸಿಂಗ್‌ಗೂ ವ್ಯತ್ಯಾಸ ಕಾಣಲಿಲ್ಲ. ದಿನಾ ಒದ್ದೆಯಾಗಿ ನಾರುವ ಬ್ಯಾಂಡೇಜ್ ಬಿಚ್ಚುವುದು ತಪ್ಪುತ್ತದೆ. ಅದೇನೂ ಸಣ್ಣ ಲಾಭವಲ್ಲ. ಆದರೆ ಮೂಳೆ ತೆರೆದಿರುವಾಗ ‘ವ್ಯಾಕ್ ಚೆನ್ನಾಗಿ ಓಡುತ್ತಿದೆ’ ಎಂದು ಫ್ಲ್ಯಾಪ್ (ರಕ್ತಸಂಚಾರವಿರುವ ಚರ್ಮ-ಮಾಂಸದ ಹೊದಿಕೆ ಹಾಕುವ ಶಸ್ತ್ರಚಿಕಿತ್ಸೆ) ಮುಂದೂಡುವುದು ತಪ್ಪು. ಪ್ಲಾಸ್ಟಿಕ್ ಸರ್ಜನ್ನರಿಗೆ ಮೊದಲ ದಿನವೇ ತೋರಿಸಿ, ಫ್ಲ್ಯಾಪಿನ ದಿನ ಗೊತ್ತುಮಾಡಿಕೊಂಡೇ ಫೋಮ್ ಕತ್ತರಿಸಿ.